ದಸ್ತಗೀರಸಾಬರ ಗಾಜಿನ ತೊಟ್ಟಿ

ಶಹಾಪುರ, 9 ಜನವರಿ 1957, ಬೆಳಿಗ್ಗೆ

ಸ್ಕೂಲಿಗೆ ಮುಂಚೆ, ಎಂದಿನಂತೆ, ದಸ್ತಗೀರಸಾಬರ ಮನೆಗೆ. ಕನ್ನಡ ಬರಹ ಹೇಳಿಕೊಡಲು. ಇಷ್ಟು ವರ್ಷ ಉರ್ದುವಿನಲ್ಲಿ ವಿಜ್ಞಾನ ಕಲಿಸಿದವರು. ನವೆಂಬರಿನಲ್ಲಿ ರಾಜ್ಯ ಬದಲಾದ ಮೇಲೆ ಪಾಠ ಕನ್ನಡದಲ್ಲೇ ಆಗಬೇಕು. ಮಾತಿನ ಕನ್ನಡ ನನಗಿಂತ ಚೆಂದ. ಅಕ್ಷರ ಮಾತ್ರ ಈಗ ಕಲಿಯುತ್ತಿದ್ದಾರೆ. ತಿಂಗಳ ಕೊನೆಗೆ ಇನ್ಸ್‌ಪೆಕ್ಟರ್ ಬರುತ್ತಾರೆ. ಕನ್ನಡದಲ್ಲಿ ಪಾಠ ಮಾಡಿ ತೋರಿಸದಿದ್ದರೆ ನೌಕರಿ ಇಲ್ಲ. ಆರಿಸಿಕೊಂಡ ಪಾಠ — ಮೀನಿನ ಉಸಿರಾಟ. ಅದಕ್ಕೇ ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ಹೈದರಾಬಾದಿನ ಕೆಂಪು ಮೀನು.

ಇವತ್ತು ಅಕ್ಷರ ನಡೆಯಲಿಲ್ಲ. ನೀರು ಮಜ್ಜಿಗೆಯ ಹಾಗೆ ಬೆಳ್ಳಗೆ. ಒಂದು ಮೀನು ಸತ್ತು ತೇಲುತ್ತಿತ್ತು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

11 ಜನವರಿ

ನೀರು ಪೂರ್ತಿ ಬದಲಿಸೋಣ ಎಂದೆ. ಬದಲಿಸಿದೆವು. ಇನ್ನೂ ಕೆಲವು ಸತ್ತವು… ಸಾಬರ ಹೆಂಡತಿ ಚಮನಬೀ ಹೇಳಿದರು, "ಬ್ಯಾರೆ ಪಾಠ ಹಿಡೀರಿ ಅಂದ್ರ ಕೇಳವಲ್ರು, ಮಾಸ್ತರ."

ಸಾಬರು ತೊಟ್ಟಿಯ ಮುಂದಿನಿಂದ ಏಳಲಿಲ್ಲ. "ತಪ್ಪು ಎಲ್ಲಿ ಅದ ಅಂತ ಗೊತ್ತಾಗ್ದ ಬಿಡಂಗಿಲ್ಲ."

14 ಜನವರಿ

ಸಿಕ್ಕಿತು. ತಳದ ಉಸುಕು ಕೆದಕಿದರೆ ಕಪ್ಪು, ಕೊಳೆತ ಮೊಟ್ಟೆಯ ನಾತ. ತಿನ್ನದೆ ಬಿಟ್ಟ ರೊಟ್ಟಿ ಚೂರುಗಳು. "ನಾನಽ ರಗಡ ಹಾಕೀನಿ," ಎಂದರು ಸಾಬರು. ಉಸುಕು ತೊಳೆದರು. ನೀರು ಒಮ್ಮೆಲೇ ಬದಲಿಸಿದರೂ ಮೀನು ತಾಳವು; ಇನ್ನು ದಿನಾ ಸ್ವಲ್ಪ ಸ್ವಲ್ಪವೇ ನೀರು ಬದಲು.

17 ಜನವರಿ

ನೀರಿಗೆ ಗಾಳಿ ಊದಲೂ ಸಾಬರು ದಾರಿ ಹುಡುಕಿದ್ದಾರೆ! ಲಾರಿಯ ಹಳೆ ಟ್ಯೂಬು, ಸೈಕಲ್ ಪಂಪು, ಸಣ್ಣ ರಬ್ಬರ್ ನಳಿಕೆ. ಗಾಳಿ ಒಮ್ಮೆಲೇ ಹೋಗದಂತೆ ನಳಿಕೆಗೆ ಚಮನಬೀಯವರ ಹೇರ್‌ಪಿನ್ನು. ನೀರಲ್ಲಿ ಗುಳ್ಳೆ, ಗುಳ್ಳೆ… ಈ ವಯಸ್ಸಿನಲ್ಲಿ ಹೀಗೆ ಕುಣಿದವರನ್ನು ನೋಡಿರಲಿಲ್ಲ.

28 ಜನವರಿ, ಸಂಜೆ

ಇವತ್ತು ಇನ್ಸ್‌ಪೆಕ್ಟರ್ ಮುಂದೆ ಪಾಠ. ತೊಟ್ಟಿ ಎತ್ತಿದರೆ ಮೀನು ಉಳಿಯುವುದಿಲ್ಲವೆಂದು ಸಾಬರು ಮಕ್ಕಳನ್ನೇ ಮನೆಗೆ ನಡೆಸಿದರು. ಇನ್ಸ್‌ಪೆಕ್ಟರ್ ಹಿಂದೆ ಹಿಂದೆ. ಪಡಸಾಲೆಯ ಗೋಡೆಗೆ ಒರಗಿಸಿದ ಬೋರ್ಡಿನ ಮೇಲೆ ಬರೆಯಲು ಸಾಬರ ಕೈ ಬಲ ಅಂಚಿಗೆ ಹೋಯಿತು — ಉರ್ದುವಿನ ರೂಢಿ. ತಾವೇ ನಕ್ಕು, ಎಡಕ್ಕೆ ಬಂದು, ದುಂಡಗೆ ಬರೆದರು: ಉಸಿರು.

ಪಾಠದ ನಡುವೆ ಪಿನ್ನು ಜಾರಿತು. ಟ್ಯೂಬು ಬುಸ್ಸೆಂದು ಖಾಲಿ.

"ಯಂತ್ರ ಕೆಟ್ಟಿತಲ್ಲ, ಮಾಸ್ತರೆ," ಇನ್ಸ್‌ಪೆಕ್ಟರ್ ಎಂದರು.

"ಕೆಡ್ಲಿ ಬಿಡ್ರಿ ಸಾಹೇಬ್ರ. ಮಕ್ಕಳ, ತಂಬಿಗಿ ತರ್ರಿ!" ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸಣ್ಣ ಧಾರೆಯಾಗಿ ಬಿಟ್ಟರು. "ನೋಡ್ರಿ, ಗಾಳಿ ನೀರಾಗ ಹ್ಯಾಂಗ ಇಳೀತದ. ಮೀನಿಗೆ ಇದಽ ಬೇಕು." ಮಕ್ಕಳು ಸರದಿಯಲ್ಲಿ ಸುರಿದರು. ಕೊನೆಗೆ ಇನ್ಸ್‌ಪೆಕ್ಟರೂ ತಂಬಿಗೆಗೆ ಕೈ ಚಾಚಿದರು. ಹೋಗುವಾಗ ಹೇಳಿದ್ದು ಇಷ್ಟೇ, "ನಿಮ್ಮ ನೌಕರಿಗೆ ಏನೂ ಭಯವಿಲ್ಲ."

29 ಜನವರಿ, ಬೆಳಿಗ್ಗೆ

ಇವತ್ತು ಅವರು ಹಾಯಾಗಿ ಮಲಗಿರುತ್ತಾರೆಂದು ನಾನೂ ತಡವಾಗಿ ಎದ್ದೆ. ಬಾಗಿಲು ಬಡಿಯುತ್ತಿದೆ. ಕಿಟಕಿಯಲ್ಲಿ ಸಾಬರು, ಕಂಕುಳಲ್ಲಿ ಪಾಟಿ.

"ಅಂಬ್ರಪ್ಪನವರ, ಏಳ್ರಿ! ಒತ್ತಕ್ಷರ ಇನ್ನಾ ಉಳದಾವಲ್ರಿ!"

ಇಂಥ ಮನುಷ್ಯನಿಗೆ ನಾನು ಮಾಸ್ತರ… ಬಂದೆ, ಬಂದೆ —