ಗುರುವಾರದ ಬೆಂಚು

ಕಲ್ಯಾಣದುರ್ಗ
೧೪ ನವೆಂಬರ್ ೨೦೨೫

ತಂಗಿ ಮುನೆಮ್ಮನಿಗೆ,

ನಿನ್ನಕ್ಕ ಮಾಡೋ ಆಶೀರ್ವಾದ. ಗುರುವಾರ ಗುರುವಾರ ಹಿಂದೂಪುರಕ್ಕೆ ಬತ್ತೀರ, ಚಿಲಮತ್ತೂರಿಗೆ ಬಂದು ಮುಖ ತೋರ್ಸಕ್ಕಾಗಲ್ವಾ ಅಂತ ಬೈಕೊಂಡಿರ್ತೀಯ. ತಪ್ಪು ನಂದೇ ಕಣಮ್ಮ. ಫೋನಲ್ಲಿ ಹೇಳಣಾಂದ್ರೆ ನಿಮ್ಮ ಭಾವ ಪಕ್ಕದಲ್ಲೇ ಕೂತಿರ್ತಾರೆ. ಅದಕ್ಕೇ ಈ ಕಾಗದ.

ನೀನು ಹುಡುಕಿಕೊಟ್ಟ ಕೌನ್ಸೆಲಿಂಗ್ ಮೇಡಂ ಶಿವಗಂಗಾ ಒಳ್ಳೇ ಹೆಣ್ಣುಮಗಳು. ಕನ್ನಡದಲ್ಲೇ ಮಾತಾಡ್ತಾಳೆ. ಆಗಲೇ ಏಳು ತಿಂಗಳಾಯ್ತು. ಬಸ್ಸಿನ ಕಂಡಕ್ಟರ್ "ಏಮಕ್ಕಾ, ಮಳ್ಳಾ ಹಿಂದೂಪುರಮೇನಾ?" ಅಂತ, ಮತ್ತೆ ಹಿಂದೂಪುರಾನೇನಾ ಅಂತ, ನಗ್ತಾನೆ. ತಂಗಿ ಮನೆಗೆ ಅಂತ ಸುಳ್ಳು ಹೇಳ್ಬುಟ್ಟಿದೀನಿ. ಮನಸಿನ ಡಾಕ್ಟ್ರು ಅಂದ್ರೆ ಊರೆಲ್ಲ ಹುಚ್ಚು ಅನ್ನಲ್ವಾ?

ನಿಮ್ಮ ಭಾವನಿಗೆ ಗುಣ ಕಂಡದಾ ಅಂತೀಯ? ಕಂಡದೆ. ಹೊತ್ತಿಗೆ ಉಣ್ತಾರೆ. "ಬದುಕಿ ಏನಾಗಬೇಕು" ಅನ್ನೋದು ನಿಂತದೆ. ಆದ್ರೆ ಮನೇಲಿ ಮಾತಿಲ್ಲ. ಮುದ್ದೆ ಇಕ್ಲಾ ಅಂದ್ರೂ ಹೂಂ, ಸಾಕಾ ಅಂದ್ರೂ ಹೂಂ. ಅಲ್ಲಿ ಬಾಗಿಲು ಹಾಕ್ಕೊಂಡು ಒಂದು ಗಂಟೆ ಮಾತಾಡ್ತಾರಲ್ಲೇ! ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಂದ್ಸಲ ಅವರು ನಕ್ಕಿದ್ದು ಕೇಳಿಸ್ತು. ಹೊಟ್ಟೆ ಉರೀತು ಕಣೇ, ಸುಳ್ಳು ಯಾಕೆ ಹೇಳ್ಲಿ.

"ಏನಮ್ಮಾ ಹೇಳ್ತಾರೆ ನಿನ್ನ ಹತ್ರ?" ಅಂತ ಮೇಡಂನ ಕೇಳೇಬುಟ್ಟೆ. "ಅವರ ಮಾತು ಅವರದು, ನಾನು ಹೇಳಂಗಿಲ್ಲಮ್ಮ. ಮನೇಲಿ ನೀವೇ ಕೇಳಿ ನೋಡಿ" ಅಂದ್ಲು. ದಿನಾ ಕೇಳಣಾಂತ ಎದುರಿಗೆ ಹೋಯ್ತೀನಿ, ಬಾಯಿ ತೆಗುದ್ರೆ ಕಾಪಿ ಬೇಕಾ ಅಂತ ಬತ್ತದೆ.

ನಿನ್ನ ಮಂಡಿನೋವು ಹೆಂಗದೆ? ಹಳೇ ಹುಣಸೆಹಣ್ಣು ಬಿಡಿಸಿ ಇಟ್ಟಿದೀನಿ, ಬಂದಾಗ ತಗೊಂಡೋಗು. ನಿನ್ನ ಮಗಳು ರೇವತಿ, ಅವಳ ಕೂಸು ಎಲ್ಲ ನೂರು ಕಾಲ ತಣ್ಣಗಿರ್ಲಿ.

ಇಂತಿ ನಿನ್ನಕ್ಕ,
ಗೌರಕ್ಕ

ತಾ.ಕ.: ಮೇಲೆ ಬರೆಯೋ ಧೈರ್ಯ ಆಗ್ಲಿಲ್ಲ. ನೆನ್ನೆ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ. ಒಳಗೆ ನಿಮ್ಮ ಭಾವ ನಮ್ಮ ಮಗನ ಹೆಸರು ಹೇಳ್ತಾ ಇದ್ರು. ಒಂಬತ್ತು ವರ್ಷದ ಕೂಸು ಜ್ವರದಲ್ಲಿ ಹೋದಾಗ ನಾನೇ ಅಲ್ವೇನೇ ಅವರ ಕೈನ ನನ್ನ ತಲೆ ಮೇಲೆ ಇಡಿಸಿ, "ಇನ್ನು ಈ ಮನೇಲಿ ಆ ಹೆಸರು ಎತ್ತಬಾರದು" ಅಂತ ಆಣೆ ಹಾಕಿಸಿದ್ದು? ತಪ್ಪಿದ್ರೆ ನನ್ನ ತಲೆಗೆ ಬತ್ತದೆ ಅಂತ ಮೂವತ್ತೊಂದು ವರ್ಷ ಎತ್ತಿಲ್ಲ, ಪುಣ್ಯಾತ್ಮ. ಆ ಹೆಸರು ಹೇಳಕ್ಕೆ ಹಿಂದೂಪುರದ ಗಂಟ ಹೋಯ್ತಾರೆ. ಆಣೆ ಬಿಡಿಸಬೇಕಾದವಳು ನಾನು. ಒಲೆ ಮುಂದೆ ಕೂತು ನಾನೇ ಆ ಹೆಸರು ಅಂದು ನೋಡಣಾಂತ ಹೋಗಿ, ಸುಮ್ನೆ ಒಲೆ ಊದ್ತಾ ಕೂತ್ಬುಟ್ಟೆ. ಇಲ್ಲಿ ಬರೆಯಣಾಂದ್ರೂ ಕೈ ಬತ್ತಿಲ್ಲ. ನೀನೇ ಬಾರೇ. ನಿನಗೆ ಯಾವ ಆಣೆಯೂ ಇಲ್ಲ. ಆಗ ಬಂದಾಗೆಲ್ಲ ಬಾಗಿಲಲ್ಲೇ ನಿಂತು ಅವನನ್ನ ಕೂಗ್ತಿದ್ಯಲ್ಲ, ಹಂಗೇ ಒಂದ್ಸಲ ಕೂಗ್ಬುಡು. ನಾವಿಬ್ರೂ ಒಳಗೇ ಇರ್ತೀವಿ.