ಸೂಟ್‌ಕೇಸೆಂಬ ಸವತಿ

ಊರೂರು ಸುತ್ತಿದವನೇ,

ನೀನು ತೀರಿಹೋದ ಮೇಲೆ ಇವತ್ತೇ ಮೊದಲು ಸಿನಿಮಾಕ್ಕೆ ಹೋದೆ, ನಿನ್ನ ತಂಗಿಯ ಜೊತೆ. ಕೆಲಸದ ನೆಪದಲ್ಲಿ ವರ್ಷವಿಡೀ ವಿಮಾನದಲ್ಲೇ ಓಡಾಡುವ, ಯಾರಿಗೂ ಅಂಟಿಕೊಳ್ಳದ ಒಬ್ಬನ ಕಥೆ. ಅವನು ಚಕಚಕನೆ ಸೂಟ್‌ಕೇಸ್ ಜೋಡಿಸುವಾಗ ಅವಳು ನನ್ನನ್ನು ತಿವಿದಳು.

"ನೋಡತ್ತಿಗೆ, ಥೇಟ್ ನಮ್ಮಣ್ಣ!"

"ಇವ್ನು ಮದ್ವೆ ಆಗಿಲ್ಲ ಕಣೆ. ಅಷ್ಟಾದ್ರೂ ಬುದ್ಧಿ ಇದೆ."

ಮನೆಗೆ ಬಂದವಳೇ ನಿನ್ನ ಸೂಟ್‌ಕೇಸ್ ಬಿಚ್ಚಿದೆ. ಇಲ್ಲಿ ದಿನಾ "ಟವೆಲ್ ಎಲ್ಲೇ?" ಎಂದು ಕೂಗುತ್ತಿದ್ದ ನೀನು, ಅದರೊಳಗೆ ಕಾಲುಚೀಲಕ್ಕೂ ಒಂದು ಮೂಲೆ ಕೊಟ್ಟಿದ್ದೀಯ. ಹೊಟ್ಟೆ ಉರಿಯಿತು. ನನ್ನ ಶಾಲನ್ನೂ ತುರುಕಿದೆ, ಜಿಪ್ ಮುಚ್ಚಲಿಲ್ಲ. ನಿನ್ನದೊಂದು ಅಂಗಿ ತೆಗೆದಿದ್ದರೆ ಹಿಡಿಸುತ್ತಿತ್ತು. ತೆಗೆಯಲು ಕೈ ಬರಲಿಲ್ಲ.

ಈಗ ಅದು ಬಾಯಿ ತೆರೆದುಕೊಂಡು ಹಾಸಿಗೆಯ ಮೇಲಿದೆ, ನೀನು ಮಲಗುತ್ತಿದ್ದ ಕಡೆ.