ಬಾಟಲಿಯ ಕರಿಪುಡಿ

ಮಾರ್ಚ್ ೧೨, ಗುರುವಾರ

ನಿನ್ನೆ ಸಂಜೆ ನಾನು ಲ್ಯಾಬಿಗೆ ಬೀಗ ಹಾಕುವಾಗ ಖಾಲಿಯಿದ್ದ ಬಾಟಲಿ ಇಂದು ತುಂಬಿದ್ದು ಹೇಗೆ? ನಮ್ಮ ಯಂತ್ರ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಬ್ಯಾಟರಿಗಾಗಿ ಮಾಡಿದ ಕರಿಪುಡಿ ಎಂದು ತಿರುಮಲೇಶ ಸರ್ ಅದನ್ನು ಬಂಡವಾಳ ಹಾಕುವವರಿಗೆ ತೋರಿಸಿದರು.

ಬಂದವರ ಕಾರು ಕಿನ್ನಾಳ ರಸ್ತೆಗೆ ಹೊರಳಿದ ಮೇಲೆ ಸರ್ ಅವರನ್ನು ಕೇಳಿಯೇಬಿಟ್ಟೆ. "ಸರ್, ಖರೇ ಹೇಳ್ರಿ. ಇದು ನಮ್ಮದೇನ್ರಿ?"

"ಇಲ್ಲವ್ವ ದೀಪಿಕಾ, ಹೈದರಾಬಾದಿಂದ ತರಿಸೀನಿ. ನಮ್ಮದು ಇನ್ನೂ ಭಾಳ ಕಡಿಮಿ ಐತಿ, ನೋಡಿಲ್ಲಿ" ಎನ್ನುತ್ತ ಯಂತ್ರದೊಳಗಿನ ಕಂಬಿಯನ್ನು ಇಕ್ಕಳದಿಂದ ಎಳೆದರು. ಅದರ ತುದಿಯಲ್ಲಿ ಕಾಡಿಗೆಯಷ್ಟು ತೆಳ್ಳಗೆ ಇಂಗಾಲ ಕೂತಿತ್ತು.

ಎರಡು ವರ್ಷ ನಾವಿಬ್ಬರೂ ದುಡಿದದ್ದು ಇದಕ್ಕಾಗಿಯೇ. ಕುಣಿದಾಡಬೇಕಿತ್ತು. ಸರ್ ಕಣ್ಣಲ್ಲಿ ನೀರಿತ್ತು. ನಾನು ಮಾತ್ರ ಅವರ ಬೆರಳುಗಳಿಗೆ ಬಾಟಲಿಯ ಕರಿ ಹತ್ತಿದೆಯೇ ಎಂದು ನೋಡುತ್ತಿದ್ದೆ.